ಭಂಡಾರಿ ಬಸವಣ್ಣನವರು

ಬಸವಣ್ಣನವರನ್ನು ಭಕ್ತಿಭಂಡಾರಿ ಎಂದು ಕರೆಯುವುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಆ ಬಿರುದಿನ ಎರಡನೆಯ ಪದವು ಮೂಲದಲ್ಲಿ ಒಂದು ಸರಕಾರಿ ಹುದ್ದೆಯ ಹೆಸರೆಂಬುದು ನೆನಪಿಗೇ ಬರುವುದಿಲ್ಲ. ವಚನಕಾರರಾಗಿ, ಧರ್ಮಪ್ರವರ್ತಕರಾಗಿ, ಸಮಾಜದ ಕಟ್ಟುಗಳನ್ನು ಸಡಿಲಿಸಿದವರಾಗಿ ಅವರನ್ನು ನಾವು ಅರಿತಿದ್ದೇವೆ. ಆದರೆ ಅದೇ ಜೀವನದೊಳಗೆ ಇನ್ನೊಂದು ಜೀವನವೂ ಅಡಗಿದೆ. ಅರಸನ ಬೊಕ್ಕಸದ ಲೆಕ್ಕ ಬರೆದು, ಮೇಲಿನ ಪದವಿಗೇರಿ, ಜೊತೆಯವರ ಮತ್ಸರಕ್ಕೂ ಚಾಡಿಗೂ ಗುರಿಯಾಗಿ, ಕಡೆಗೆ ಆ ಪದವಿಯನ್ನು ಬಿಟ್ಟು ನಡೆದ ಒಬ್ಬ ಅಧಿಕಾರಿಯ ಜೀವನ ಅದು. ಉದ್ಯೋಗವು ಯಾರಿಗೆ ಸಲ್ಲಬೇಕು, ಬಡ್ತಿಯು ಯಾವ ಕಾರಣದಿಂದ ಒದಗಬೇಕು ಎಂಬ ಪ್ರಶ್ನೆಗಳು ನಮ್ಮ ಕಾಲದಲ್ಲಿ ನ್ಯಾಯಾಲಯದ ಮೆಟ್ಟಿಲನ್ನು ಮತ್ತೆ ಮತ್ತೆ ಹತ್ತಿವೆ. ಆ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಭಂಡಾರಿಯ ಬಾಳನ್ನು ಮತ್ತೊಮ್ಮೆ ನೋಡುವುದು ನಿಷ್ಫಲವಾಗಲಾರದು.

ಇಂದಿನ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪ್ರಾಂತಗಳು ಉತ್ತರದ ಭೀಮೆಗೂ ದಕ್ಷಿಣದ ಕೃಷ್ಣೆಗೂ ನಡುವಣ ಕರಿಮಣ್ಣಿನ ಬಯಲು. ಸಾವಿರ ವರ್ಷಗಳ ಹಿಂದೆ ಈ ನೆಲದ ಬಹುಭಾಗಕ್ಕೆ ತರ್ದವಾಡಿ ಸಾವಿರವೆಂಬ ಹೆಸರಿತ್ತು. ಅದರ ಮುಖ್ಯಪಟ್ಟಣವಾಗಿದ್ದ ತರ್ದವಾಡಿಯು ಹಳೆಯ ಇಂಡಿ ತಾಲ್ಲೂಕಿನಲ್ಲಿ, ಭೀಮೆಯ ದಡದಲ್ಲಿ, ತದ್ದೇವಾಡಿ ಎಂಬ ಹಳ್ಳಿಯಾಗಿ ಇಂದಿಗೂ ಉಳಿದಿದೆ. ಆ ನಾಡಿನಲ್ಲಿ ಅಧಿಕಾರವು ಹೇಗೆ ಕೈಯಿಂದ ಕೈಗೆ ಸಾಗುತ್ತಿತ್ತು ಎಂಬುದಕ್ಕೆ ಬಾಗೇವಾಡಿ ತಾಲ್ಲೂಕಿನ ನರಸಲಗಿಯ ಶಾಸನವು ಸಾಕ್ಷಿ ನುಡಿಯುತ್ತದೆ. 965ರ ಈ ಶಾಸನದ ಪ್ರಕಾರ, ಚಾಲುಕ್ಯ ಮನೆತನದ ತೈಲಪನು ತರ್ದವಾಡಿ ಸಾವಿರವನ್ನು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಂದ ಅಣುಗಜೀವಿತವಾಗಿ ಪಡೆದು ಆಳುತ್ತಿದ್ದನು. ಅಣುಗಜೀವಿತವೆಂದರೆ ಅರಸನು ತನ್ನ ಪ್ರೀತಿಪಾತ್ರನಿಗೆ ಬಾಳಿಕೊಳ್ಳಲು ಬಿಟ್ಟುಕೊಟ್ಟ ಸೀಮೆ. ಒಲುಮೆಯೇ ಅಲ್ಲಿ ಅರ್ಹತೆ. ಎಂಟು ವರ್ಷ ಕಳೆಯುವಷ್ಟರಲ್ಲಿ, 973ರಲ್ಲಿ, ಅದೇ ತೈಲಪನು ರಾಷ್ಟ್ರಕೂಟರ ಸಿಂಹಾಸನವನ್ನು ಉರುಳಿಸಿ ತನ್ನ ವಂಶದ ರಾಜ್ಯವನ್ನು ಕಟ್ಟಿದನು. ಒಲುಮೆಯಿಂದ ಕೊಟ್ಟ ಅಧಿಕಾರವು ಒಲುಮೆಯಿದ್ದಷ್ಟು ದಿನ ಮಾತ್ರ ನಿಷ್ಠೆಯನ್ನು ತರುತ್ತದೆ ಎಂಬುದನ್ನು ಈ ನೆಲವು ಬಸವಣ್ಣನವರಿಗಿಂತ ಸುಮಾರು ಎರಡು ಶತಮಾನ ಮೊದಲೇ ಕಂಡಿತ್ತು.

ಅಧಿಕಾರಕ್ಕೆ ಮತ್ತೊಂದು ದಾರಿಯೂ ಇತ್ತು. ಅದು ಅಕ್ಷರದ ದಾರಿ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ 945ರ ಒಂದು ಶಾಸನ ದೊರೆತಿದೆ. ಅದೇ ಮುಮ್ಮಡಿ ಕೃಷ್ಣನ ಮಂತ್ರಿಯಾಗಿದ್ದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದೂ ಅಲ್ಲಿಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ ಅದು ತಿಳಿಸುತ್ತದೆ. ವಿದ್ಯಾರ್ಥಿಗಳ ವಸತಿಗಾಗಿ 27 ಮನೆಗಳು, ದೀಪದೆಣ್ಣೆಯ ವೆಚ್ಚಕ್ಕೆ 12 ನಿವರ್ತನ ಭೂಮಿ, ಉಪಾಧ್ಯಾಯರಿಗೆ 50 ನಿವರ್ತನ ಭೂಮಿ ಬಿಟ್ಟಿದ್ದುವು. ಮದುವೆ ಮುಂಜಿಗಳು ನಡೆದಾಗ ಊರವರು ಶಾಲೆಗೆಂದು ಕಾಣಿಕೆ ಸಲ್ಲಿಸುವ ಕಟ್ಟಳೆಯೂ ಇತ್ತು. ಇಷ್ಟೊಂದು ಅಚ್ಚುಕಟ್ಟಾದ ವಿದ್ಯಾಸಂಸ್ಥೆ ಹತ್ತನೆಯ ಶತಮಾನದಲ್ಲಿ ಈ ಬಯಲಿನಲ್ಲಿತ್ತೆಂಬುದು ನಮಗೆ ಹೆಮ್ಮೆಯ ವಿಷಯವೇ ಸರಿ. ಆದರೂ ಒಂದು ಮಾತನ್ನು ಮರೆಯಲಾಗದು. ಆ ಶಾಲೆಯ ಬಾಗಿಲು ಉಪನಯನವಾದ ವಟುಗಳಿಗೆ ತೆರೆದಿತ್ತು. ಊರಿನ ಅಗಸ, ಅಂಬಿಗ, ಸಮಗಾರ, ಮಾದಾರರ ಮಕ್ಕಳು ಆ ದೀಪದ ಬೆಳಕಿನಲ್ಲಿ ಓದಿದವರಲ್ಲ. ಅರಮನೆಯ ಕರಣಶಾಲೆಗೆ ಬೇಕಾದದ್ದು ಅಕ್ಷರ ಬಲ್ಲವರು. ಅಕ್ಷರವಿದ್ದುದು ಕೆಲವೇ ಮನೆಗಳಲ್ಲಿ. ಹೀಗಾಗಿ ಆಯ್ಕೆಯೆಂಬುದು ಅರಸನ ಮುಂದೆ ನಡೆಯುವ ಮೊದಲೇ ಮುಂಜಿಯ ಮಣೆಯ ಮೇಲೆ ಅರ್ಧ ನಡೆದುಹೋಗಿರುತ್ತಿತ್ತು.

ಬಸವಣ್ಣನವರು ಹುಟ್ಟಿದ್ದು ಇಂಥ ಅಕ್ಷರದ ಮನೆಯಲ್ಲಿಯೇ. ಬಾಗೇವಾಡಿಯ ಅಗ್ರಹಾರದ ಮಾದರಸರು ತಂದೆ, ಮಾದಲಾಂಬಿಕೆ ತಾಯಿ, ನಾಗಮ್ಮನವರು ಅಕ್ಕ. ಜನ್ಮವರ್ಷವನ್ನು ಕೆಲವು ವಿದ್ವಾಂಸರು 1105 ಎಂದೂ ಮತ್ತೆ ಕೆಲವರು 1131ರ ಸುಮಾರೆಂದೂ ಎಣಿಸುತ್ತಾರೆ. ತಾಯಿಯ ಕಡೆಯ ಊರು ಬಾಗೇವಾಡಿಗೆ ಸಮೀಪದ ಇಂಗಳೇಶ್ವರವೆಂದು ಸುತ್ತಿನ ಜನರ ನಂಬಿಕೆ. ಇಂಥ ಮನೆಯ ಹುಡುಗನಿಗೆ ಮುಂದಿನ ದಾರಿ ನಿಚ್ಚಳವಾಗಿತ್ತು. ಉಪನಯನ, ವೇದಾಧ್ಯಯನ, ಬಳಿಕ ಬೇಕೆಂದರೆ ಅರಮನೆಯ ಉದ್ಯೋಗ. ಬಾಗಿಲುಗಳು ಒಂದರ ಹಿಂದೊಂದು ತಾವಾಗಿಯೇ ತೆರೆದುಕೊಳ್ಳುತ್ತಿದ್ದುವು.

ಆ ಮೊದಲ ಬಾಗಿಲನ್ನೇ ಅವರು ನಿರಾಕರಿಸಿದರು. ಎಂಟರ ವಯಸ್ಸಿನಲ್ಲಿಯೇ ಜನಿವಾರವನ್ನು ಒಲ್ಲೆನೆಂದರೆಂದು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವು ಹೇಳುತ್ತದೆ; ಅದನ್ನನುಸರಿಸಿ 1369ರಲ್ಲಿ ಕನ್ನಡ ಬಸವಪುರಾಣವನ್ನು ಬರೆದ ಭೀಮಕವಿಯೂ ಹಾಗೆಯೇ ಹೇಳುತ್ತಾನೆ. ಹರಿಹರನ ರಗಳೆಯಲ್ಲಿ ಉಪನಯನವಾಗುತ್ತದೆ; ತರುಣನು ಪ್ರಾಯಕ್ಕೆ ಬಂದ ಮೇಲೆ ಅದನ್ನು ಕಳಚಿಟ್ಟು ಊರು ಬಿಡುತ್ತಾನೆ. ಅಕ್ಕನಿಗಿಲ್ಲದ ಸಂಸ್ಕಾರ ತಮಗೂ ಬೇಡವೆಂದರೆಂಬ ಕಥೆ ಜನರ ಬಾಯಲ್ಲಿ ಇಂದಿಗೂ ನಡೆದುಬಂದಿದೆ. ವಿವರಗಳು ಹೇಗೇ ಇರಲಿ, ಜನ್ಮದಿಂದ ಬಂದ ಅರ್ಹತೆಯ ಪತ್ರವನ್ನು ಅವರು ಸ್ವೇಚ್ಛೆಯಿಂದ ಕೈಬಿಟ್ಟರೆಂಬ ವಿಷಯದಲ್ಲಿ ಎಲ್ಲ ಪರಂಪರೆಗಳೂ ಒಂದಾಗಿವೆ. ಬಾಗೇವಾಡಿಯಿಂದ ದಕ್ಷಿಣಕ್ಕೆ ನಡೆದು, ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕಪ್ಪಡಿಯ ಸಂಗಮವನ್ನು ಸೇರಿ, ಅಲ್ಲಿಯ ಗುರುಗಳ ಆಶ್ರಯದಲ್ಲಿ ಅವರು ಓದಿದರು, ಧ್ಯಾನಿಸಿದರು. ಕಳಚಿಟ್ಟದ್ದು ದಾರ, ಕಲಿತ ಅಕ್ಷರವನ್ನು ಕಳಚಿಡಲು ಬರುವುದಿಲ್ಲ. ಅದು ಅವರ ಜೊತೆಯಲ್ಲಿಯೇ ಮಂಗಳವಾಡಕ್ಕೆ ಬಂತು.

ಮಂಗಳವಾಡವು ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. ಆಗ ಅದು ಕಳಚುರಿ ಬಿಜ್ಜಳನ ನೆಲೆವೀಡಾಗಿತ್ತು. ಬಿಜ್ಜಳನು ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಮಹಾಮಂಡಳೇಶ್ವರ. ತರ್ದವಾಡಿ ನಾಡೂ ಅವನ ಆಡಳಿತಕ್ಕೆ ಒಳಪಟ್ಟಿತ್ತು. ಹೀಗೆ ತಮ್ಮ ಹುಟ್ಟೂರಿನ ಅಧಿಪತಿಯ ಕಚೇರಿಗೇ ಬಸವಣ್ಣನವರು ಬಂದರು. ಬಂದವರಿಗೆ ಕೆಲಸ ದೊರೆತದ್ದು ಹೇಗೆ ಎಂಬಲ್ಲಿ ಕವಿಗಳು ಎರಡು ಬೇರೆ ಬೇರೆ ಕಥೆಗಳನ್ನು ಹೇಳುತ್ತಾರೆ. ಆ ಭೇದವು ನಮ್ಮ ವಿಷಯಕ್ಕೆ ತೀರ ಹತ್ತಿರದ್ದು.

ಹರಿಹರನ ಕಥೆಯಲ್ಲಿ ಬಸವಣ್ಣನವರು ಯಾರ ಶಿಫಾರಸ್ಸೂ ಇಲ್ಲದೆ ಬರುತ್ತಾರೆ. ಕರಣಿಕರು ಸಾಲಾಗಿ ಕುಳಿತು ಲೆಕ್ಕ ಬರೆಯುವ ಚಾವಡಿಯಲ್ಲಿ ಒಂದು ಕಡೆ ನಿಂತು ನೋಡುತ್ತಾರೆ. ಬರೆಯುತ್ತಿರುವ ಲೆಕ್ಕದಲ್ಲಿ ಒಂದು ತಪ್ಪು ಅವರ ಕಣ್ಣಿಗೆ ಬೀಳುತ್ತದೆ, ಅದನ್ನು ತೋರಿಸಿಕೊಡುತ್ತಾರೆ. ಭಂಡಾರದ ಮುಖ್ಯನಾಗಿದ್ದ ಸಿದ್ಧದಂಡಾಧಿಪನು ಬೆರಗಾಗಿ, ಅವರನ್ನು ಕರೆದು ಕರಣಿಕನನ್ನಾಗಿ ನೇಮಿಸುತ್ತಾನೆ. ಅವರ ಕೆಲಸವನ್ನು ಮೆಚ್ಚಿ ನೆಚ್ಚಿ, ಕೊನೆಗೆ ತನ್ನ ನಂತರ ಆ ಪದವಿಗೆ ತಕ್ಕವರು ಇವರೇ ಎನ್ನುವ ಸ್ಥಿತಿಗೆ ಬರುತ್ತಾನೆ. ಸಿದ್ಧದಂಡಾಧಿಪನು ತೀರಿಕೊಂಡ ಬಳಿಕ ಬಿಜ್ಜಳನು ಅದೇ ಪದವಿಯನ್ನು ಬಸವಣ್ಣನವರಿಗೆ ಕೊಡುತ್ತಾನೆ. ಇಲ್ಲಿ ಪ್ರವೇಶಕ್ಕೂ ಬಡ್ತಿಗೂ ಲೆಕ್ಕದ ಹಲಗೆಯೇ ಸಾಕ್ಷಿ.

ಸೋಮನಾಥನ ಕಥೆ ಬೇರೊಂದು. ಅಲ್ಲಿ ಬಿಜ್ಜಳನ ಮಂತ್ರಿಯಾದ ಬಲದೇವನು ಬಸವಣ್ಣನವರಿಗೆ ಸೋದರಮಾವ. ಹುಡುಗನ ತೇಜಸ್ಸನ್ನು ಕಂಡು ತನ್ನ ಮಗಳು ಗಂಗಾಂಬಿಕೆಯನ್ನು ಕೊಟ್ಟು ಮದುವೆ ಮಾಡುತ್ತಾನೆ. ಬಲದೇವನು ತೀರಿಕೊಂಡಾಗ ಆ ಸ್ಥಾನಕ್ಕೆ ಯಾರೆಂಬ ಪ್ರಶ್ನೆ ಬರುತ್ತದೆ. ಬಂಧುಗಳ ಮಾತಿನಂತೆ ಅರಸನು ಅಳಿಯನನ್ನೇ ಕರೆಸಿ ಪಟ್ಟ ಕಟ್ಟುತ್ತಾನೆ. ಅರಸನಿಗೆ ಇದರಲ್ಲಿ ಅಸಹಜವೇನೂ ಕಾಣಲಿಲ್ಲ, ಕವಿಗೂ ಕಾಣಲಿಲ್ಲ. ಮಾವನ ಹುದ್ದೆಯು ಅಳಿಯನಿಗೆ ಬರುವುದು ಅಂದಿನ ಲೋಕರೂಢಿ. ಆಮೇಲಿನ ಕಥೆಗಳು, ಯಾರಿಂದಲೂ ಓದಲಾಗದ ಒಂದು ಓಲೆಯನ್ನು ಬಸವಣ್ಣನವರು ಓದಿ, ಅದರಲ್ಲಿ ಸೂಚಿಸಿದ್ದ ಗುಪ್ತನಿಧಿಯನ್ನು ಅರಸನಿಗೆ ತೋರಿಸಿದರೆಂದು ಸೇರಿಸುತ್ತವೆ. ಬಂಧುತ್ವವೊಂದೇ ಕಾರಣವಾಗಿ ಉಳಿಯಬಾರದು, ಅದರ ಮೇಲೆ ಒಂದು ಪರೀಕ್ಷೆಯ ಮುದ್ರೆಯೂ ಬೀಳಲಿ ಎಂದು ಜನರ ಮನಸ್ಸು ಬಯಸಿತೋ ಏನೋ!

ಈ ಎರಡರಲ್ಲಿ ಯಾವುದು ಐತಿಹಾಸಿಕವೆಂದು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಹರಿಹರನು ಬಸವಣ್ಣನವರ ಕಾಲಕ್ಕೆ ಹೆಚ್ಚು ಸಮೀಪದವನೆಂದು ಅವನ ಮಾತಿಗೆ ಬೆಲೆ ಕೊಡುವವರು ಹಲವರು. ನಮಗೆ ಗಮನಾರ್ಹವಾದದ್ದು ಇನ್ನೊಂದು. ಅತ್ಯಂತ ಪೂಜ್ಯರೆಂದು ನಾಡು ನಂಬಿದ ಒಬ್ಬ ಅಧಿಕಾರಿಯ ನೇಮಕದ ವಿಷಯದಲ್ಲಿಯೂ, ಇವರು ಬಂದದ್ದು ಗುಣದಿಂದಲೋ ನೆಂಟಸ್ತಿಕೆಯಿಂದಲೋ ಎಂಬ ಪ್ರಶ್ನೆ ಏಳದೆ ಇರಲಿಲ್ಲ. ಬರಿಯ ನೇಮಕದ ದಿನವನ್ನು ನೋಡಿ ಅದಕ್ಕೆ ಉತ್ತರ ಹೇಳಲಾಗುವುದಿಲ್ಲ. ಆ ಹುದ್ದೆಯಲ್ಲಿ ಕುಳಿತ ಮೇಲೆ ಅವರು ಏನು ಮಾಡಿದರೆಂಬುದನ್ನು ನೋಡಬೇಕಾಗುತ್ತದೆ.

ಕಾಲಕ್ರಮದಲ್ಲಿ ಬಿಜ್ಜಳನ ಬಲ ಹೆಚ್ಚಿತು. ಚಾಲುಕ್ಯ ಮುಮ್ಮಡಿ ತೈಲಪನ ದೌರ್ಬಲ್ಯವನ್ನು ಕಂಡು, 1157ರ ಸುಮಾರಿಗೆ ಅವನು ಕಲ್ಯಾಣದ ಮೇಲೆ ಹಿಡಿತ ಸಾಧಿಸಿದನು. 1162ರ ವೇಳೆಗೆ ಚಕ್ರವರ್ತಿಯ ಬಿರುದುಗಳನ್ನೇ ಧರಿಸಿದನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ರಾಜಧಾನಿ. ಅರಸನ ಜೊತೆಯಲ್ಲಿ ಭಂಡಾರವೂ ಅಲ್ಲಿಗೆ ಹೋಯಿತು, ಭಂಡಾರಿಯೂ ಹೋದರು. ಕಲ್ಯಾಣವು ಹಳೆಯ ರಾಜಧಾನಿ. ಚಾಲುಕ್ಯ ಮುಮ್ಮಡಿ ಸೋಮೇಶ್ವರನ ಹೆಸರಿನಲ್ಲಿ ರಚಿತವಾದ, ಮಂತ್ರಿ ಮೊದಲಾದ ಅಧಿಕಾರಿಗಳಿಗೆ ಇರಬೇಕಾದ ಗುಣಗಳನ್ನೂ ವಿವರಿಸುವ ಮಾನಸೋಲ್ಲಾಸವು ಈ ರಾಜ್ಯದಲ್ಲಿಯೇ ಹುಟ್ಟಿದ ಗ್ರಂಥ. ಅಧಿಕಾರಿಯಾಗುವವನಿಗೆ ವಿದ್ಯೆ, ಶುಚಿತ್ವ, ಸ್ವಾಮಿನಿಷ್ಠೆಗಳ ಜೊತೆಗೆ ಸತ್ಕುಲವೂ ಬೇಕೆಂಬುದು ಕೌಟಿಲ್ಯನಿಂದ ಹಿಡಿದು ನಮ್ಮ ರಾಜನೀತಿಶಾಸ್ತ್ರದ ಸಾಮಾನ್ಯ ಅಭಿಪ್ರಾಯವಾಗಿತ್ತು. ಇಂಥ ಪರಂಪರೆಯ ನಗರದಲ್ಲಿ, ಕುಲದ ಗುರುತನ್ನು ಕಳಚಿಟ್ಟ ಒಬ್ಬನು ಬೊಕ್ಕಸದ ಬೀಗದ ಕೈ ಹಿಡಿದು ಕುಳಿತಾಗ ಹಳಬರ ಕಣ್ಣು ಕೆಂಪಾದದ್ದು ಆಶ್ಚರ್ಯವಲ್ಲ.

ಚಾಡಿ ಮೊದಲಾಯಿತು. ಬಸವಣ್ಣನವರ ಮಹಾಮನೆಯಲ್ಲಿ ದಿನವೂ ಜಂಗಮರಿಗೆ, ಶರಣರಿಗೆ ದಾಸೋಹ ನಡೆಯುತ್ತಿತ್ತು. ಅಷ್ಟು ಹಣ ಎಲ್ಲಿಂದ ಬರುತ್ತದೆ? ಅರಸನ ಬೊಕ್ಕಸವನ್ನೇ ಬರಿದು ಮಾಡುತ್ತಿದ್ದಾರೆ ಎಂದು ಕೆಲವರು ಬಿಜ್ಜಳನ ಕಿವಿಯೂದಿದರು. ಅರಸನು ಬಂದು ಭಂಡಾರವನ್ನು ತೆರೆಸಿ ಹೊನ್ನನ್ನು ಎಣಿಸಿದನು. ಲೆಕ್ಕಕ್ಕೆ ಒಂದು ಹಣವೂ ಕಡಿಮೆಯಿರಲಿಲ್ಲ. ಪುರಾಣಕಾರರು ಇದನ್ನು ಪವಾಡವೆಂದು ಹೇಳಿ ಕೈ ಮುಗಿಯುತ್ತಾರೆ. ಲೆಕ್ಕ ಬಲ್ಲವರು ಬೇರೊಂದು ಬಗೆಯಲ್ಲಿಯೂ ಇದನ್ನು ಓದಬಹುದು. ಮೇಲಧಿಕಾರಿಯು ಯಾವ ಹೊತ್ತಿನಲ್ಲಿ ಬಂದು ತೆರೆಸಿದರೂ ಪುಸ್ತಕಕ್ಕೂ ಪೆಟ್ಟಿಗೆಗೂ ತಾಳೆಯಾಗುವಂತೆ ಇಟ್ಟವನಿಗೆ ಚಾಡಿಯ ಭಯವಿಲ್ಲ. ತಾಳೆಯಾದದ್ದು ಒಂದು ಸಲವಾದರೂ, ಅದರ ಹಿಂದೆ ಪ್ರತಿದಿನದ ಬರವಣಿಗೆಯಿರುತ್ತದೆ. ಇಷ್ಟಾದರೂ ಒಂದು ಮಾತನ್ನು ಗಮನಿಸಬೇಕು. ಅರಸನು ಭಂಡಾರಿಯ ಮೇಲೆ ಬಂದ ದೂರನ್ನು ತಳ್ಳಿಹಾಕಲಿಲ್ಲ, ಕೇಳಿದೊಡನೆ ದಂಡಿಸಲೂ ಇಲ್ಲ, ಎಣಿಸಿ ನೋಡಿದನು. ಮುಂದೆ ಏನೇ ನಡೆಯಲಿ, ಆ ದಿನದ ಮಟ್ಟಿಗೆ ಬಿಜ್ಜಳನು ನಡೆದುಕೊಂಡ ರೀತಿ ನ್ಯಾಯವಾದದ್ದೆಂದೇ ಹೇಳಬೇಕು.

ಇನ್ನು ಬಸವಣ್ಣನವರ ಕೈಯಲ್ಲಿದ್ದ ನೇಮಕಗಳ ಮಾತು. ಅರಮನೆಯ ಹುದ್ದೆಗಳು ಅರಸನ ಅಧೀನ. ಆದರೆ ಮಹಾಮನೆಯೂ ಅಲ್ಲಿ ಸೇರುತ್ತಿದ್ದ ಶರಣರ ಗೋಷ್ಠಿಯೂ ಅವರು ಕಟ್ಟಿದವು. ಅನುಭವ ಮಂಟಪವೆಂಬ ಹೆಸರಿನ ಆ ಗೋಷ್ಠಿ ಒಂದು ಕಟ್ಟಡವಾಗಿತ್ತೋ ಇಲ್ಲವೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ಅಲ್ಲಿ ಸೇರಿದವರ ವಚನಗಳು ಮಾತ್ರ ನಮ್ಮ ಮುಂದಿವೆ. ಅವುಗಳನ್ನು ಬರೆದವರ ಹೆಸರುಗಳೇ ಅವರವರ ಕಸುಬನ್ನು ಹೇಳುತ್ತವೆ. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ! ಸಾಲೋಟಗಿಯ ದೀಪದ ಬೆಳಕು ತಲುಪದಿದ್ದ ಮನೆಗಳವರು ಇವರು. ಎರಡು ಶತಮಾನಗಳ ಬಳಿಕ ಇವರು ರಾಜಧಾನಿಯಲ್ಲಿ ಕುಳಿತು, ತಮ್ಮದೇ ಮಾತಿನಲ್ಲಿ ತತ್ತ್ವವನ್ನು ಚರ್ಚಿಸಿದರು.

ಇವರಲ್ಲಿ ಮಾಚಯ್ಯನವರು ನಮ್ಮ ಬಯಲಿನವರೇ. ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಿನ ಮುಖ್ಯಪಟ್ಟಣವಾಗಿರುವ ದೇವರ ಹಿಪ್ಪರಗಿ ಅವರ ಊರು. ಶರಣರ ಬಟ್ಟೆಯನ್ನು ಒಗೆಯುವುದು ಅವರ ಕಾಯಕ. ತಮ್ಮ ದಾನದ ವಿಷಯದಲ್ಲಿ ಬಸವಣ್ಣನವರ ಮನಸ್ಸಿನಲ್ಲಿ ಒಮ್ಮೆ ಹೆಮ್ಮೆಯ ಸುಳಿವು ಕಂಡಾಗ ಈ ಅಗಸರು ಸಿಡಿದೆದ್ದು ಅದನ್ನು ತಿದ್ದಿದರೆಂದೂ, ಬಿಜ್ಜಳನ ಭಂಡಾರಿ ಅವರ ಮುಂದೆ ತಲೆಬಾಗಿ ತಪ್ಪೊಪ್ಪಿಕೊಂಡರೆಂದೂ ಕಥೆಯುಂಟು. ರಾಜ್ಯದ ಹಣಕಾಸಿನ ಮುಖ್ಯಾಧಿಕಾರಿಯನ್ನು ಒಬ್ಬ ಅಗಸನು ಎದುರಿಗೆ ನಿಂತು ತಿದ್ದಬಹುದಾದ ಮನೆಯನ್ನು ಬಸವಣ್ಣನವರು ಕಟ್ಟಿದ್ದರೆಂಬುದು ಈ ಕಥೆಯ ತಾತ್ಪರ್ಯ.

ಆ ಗೋಷ್ಠಿಯ ಅಧ್ಯಕ್ಷಪದವಿಯ ಪ್ರಸಂಗವಂತೂ ನಮ್ಮ ವಿಷಯಕ್ಕೆ ಮುಕುಟಪ್ರಾಯವಾದದ್ದು. ಶೂನ್ಯಸಿಂಹಾಸನವೆಂದು ಕರೆಯುವ ಆ ಪೀಠದ ಮೇಲೆ ಯಾರು ಕುಳಿತುಕೊಳ್ಳಬೇಕು? ಮನೆಯನ್ನು ಕಟ್ಟಿದವರು ಬಸವಣ್ಣನವರು, ವೆಚ್ಚ ನಡೆಸಿದವರು ಅವರು, ಹೆಸರುವಾಸಿಯಾದವರು ಅವರು. ಅವರೇ ಕುಳಿತಿದ್ದರೆ ಬೇಡವೆನ್ನುವವರಿರಲಿಲ್ಲ. ತಮಗೆ ಬೇಡವೆಂದರೆ ಅಕ್ಕ ನಾಗಮ್ಮನವರ ಮಗ ಚೆನ್ನಬಸವಣ್ಣನವರಿದ್ದರು. ವಯಸ್ಸಿನಲ್ಲಿ ಚಿಕ್ಕವರಾದರೂ ಜ್ಞಾನದಲ್ಲಿ ಹಿರಿಯರೆಂದು ಎಲ್ಲರೂ ಒಪ್ಪಿದವರು. ಬಸವಣ್ಣನವರು ಮಾತ್ರ ದೂರದ ಬಳ್ಳಿಗಾವಿಯ ಕಡೆಯಿಂದ ಬಂದ ಅಲ್ಲಮಪ್ರಭುವನ್ನು ಆ ಪೀಠಕ್ಕೆ ಬರಮಾಡಿಕೊಂಡರು. ಮದ್ದಳೆ ಬಾರಿಸುತ್ತಿದ್ದವರೆಂದು ಪರಂಪರೆ ಹೇಳುವ, ಬಸವಣ್ಣನವರಿಗೆ ನೆಂಟರೂ ಅಲ್ಲದ, ಅವರ ಹಂಗಿನಲ್ಲಿಯೂ ಇಲ್ಲದ, ಎಷ್ಟೋ ವೇಳೆ ಅವರನ್ನೇ ಕಟುವಾಗಿ ವಿಮರ್ಶಿಸಿದ ವ್ಯಕ್ತಿ ಅಲ್ಲಮ. ಪ್ರಭುವಿನ ಬಳಿಕ ಅದೇ ಪೀಠವು ಚೆನ್ನಬಸವಣ್ಣನವರಿಗೆ ಬಂದುದೂ ನಿಜ. ಸೋದರಳಿಯನೆಂಬ ಕಾರಣಕ್ಕೆ ಅವರಿಗೆ ಪೀಠವನ್ನು ಮೊದಲು ಕೊಡಲೂ ಇಲ್ಲ. ಅದೇ ಕಾರಣಕ್ಕೆ ಕಡೆಗೆ ತಪ್ಪಿಸಲೂ ಇಲ್ಲ. ನೆಂಟಸ್ತಿಕೆಯನ್ನು ಅರ್ಹತೆಯೆಂದೂ ಎಣಿಸದೆ ದೋಷವೆಂದೂ ಎಣಿಸದೆ ಇರುವ ಈ ಸಮಚಿತ್ತ ಅಧಿಕಾರದಲ್ಲಿರುವವರಿಗೆ ಎಷ್ಟು ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು.

ಸಂಬಳದ ವಿಷಯದಲ್ಲಿಯೂ ಒಂದು ಕಥೆ ನೆನೆಯತಕ್ಕದ್ದು. ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬಾಳುತ್ತಿದ್ದರು. ಬಸವಣ್ಣನವರು ಅವರನ್ನು ಪರೀಕ್ಷಿಸಲೆಂದು ಒಂದು ದಿನ ಹೆಚ್ಚು ಅಕ್ಕಿ ಚೆಲ್ಲಿಸಿದರು; ಮಾರಯ್ಯನವರು ಹೆಚ್ಚಾಗಿಯೇ ತಂದರು. ಹೆಂಡತಿ ಲಕ್ಕಮ್ಮನವರು ಅದನ್ನು ಕಂಡು, ಅಂದಿನ ಊಟಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು, ಮಿಕ್ಕದ್ದನ್ನು ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಗಂಡನನ್ನು ಕಳುಹಿಸಿದರು. ಪರೀಕ್ಷೆಯನ್ನು ಒಡ್ಡಿದ ಭಂಡಾರಿಗಿಂತ ಮೇಲಿನ ದರ್ಜೆಯಲ್ಲಿ ಅಕ್ಕಿ ಆಯುವವನ ಹೆಂಡತಿ ಉತ್ತೀರ್ಣಳಾದಳು. ಕಾಯಕವೆಂಬ ಮಾತಿಗೆ ಶರಣರು ಕೊಟ್ಟ ಅರ್ಥ ಇಂಥದು. ಭಂಡಾರಿಯದಾಗಲಿ ಅಗಸನದಾಗಲಿ, ಮಾಡುವ ಕೆಲಸದ ಶುದ್ಧಿಯೇ ಅದರ ಅಂತಸ್ತು. ಬೇಕಾದದ್ದಕ್ಕಿಂತ ಹೆಚ್ಚು ತೆಗೆದುಕೊಂಡರೆ ಕಾಯಕ ಕೆಡುತ್ತದೆ.

ಹೀಗೆ ಬಾಗಿಲನ್ನು ಅಗಲವಾಗಿ ತೆರೆದುದರ ಬೆಲೆಯನ್ನು ಅವರು ತೆರಬೇಕಾಯಿತು. ಹಣದ ದೂರು ನಿಲ್ಲದೆ ಹೋದಾಗ ವಿರೋಧಿಗಳು ಕುಲದ ದೂರನ್ನು ತಂದರು. ಅಂತ್ಯಜರೆನಿಸಿದ ಶಿವನಾಗಮಯ್ಯನವರೊಡನೆ ಬೆರೆತು ಬಂದವರು ಅರಮನೆಯನ್ನು ಮೈಲಿಗೆ ಮಾಡುತ್ತಿದ್ದಾರೆಂಬ ಆಕ್ಷೇಪ ಅರಸನವರೆಗೆ ಹೋಯಿತು. ಗಮನಿಸಿ: ಈ ದೂರಿನಲ್ಲಿ ಭಂಡಾರಿಯ ಕೆಲಸದ ಮೇಲೆ ಒಂದು ತಪ್ಪನ್ನೂ ಹೊರಿಸಿರಲಿಲ್ಲ. ಯಾರ ಮನೆಗೆ ಹೋದರು, ಯಾರೊಡನೆ ಕುಳಿತರು ಎಂಬುದೇ ಅಪರಾಧ. ಕಚೇರಿಯೊಳಗಿನ ಮತ್ಸರವು ಕೆಲಸದಲ್ಲಿ ಹುಳುಕು ಸಿಕ್ಕದೆ ಹೋದಾಗ ಮನುಷ್ಯನ ಒಡನಾಟದಲ್ಲಿ ಹುಳುಕು ಹುಡುಕುವುದು ಆ ಕಾಲಕ್ಕೇ ಮುಗಿದ ಅಭ್ಯಾಸವಲ್ಲ.

ಕೊನೆಯ ಪೆಟ್ಟು ಒಂದು ಮದುವೆಯಿಂದ ಬಂತು. ಬಿಜ್ಜಳನ ಆಡಳಿತದಲ್ಲಿ ಅಧಿಕಾರಿಯಾಗಿದ್ದು ಶರಣಧರ್ಮವನ್ನು ಸ್ವೀಕರಿಸಿದ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ವಿವಾಹವಾಯಿತು. ಶರಣರ ಕಣ್ಣಿಗೆ ಇಬ್ಬರೂ ಶರಣರ ಮಕ್ಕಳು. ನಗರದ ಹಿರಿಯರ ಕಣ್ಣಿಗೆ ಇದು ವರ್ಣಸಂಕರ. ಒತ್ತಡಕ್ಕೆ ಮಣಿದ ಅರಸನು ಹರಳಯ್ಯ ಮಧುವರಸರಿಗೆ ಕ್ರೂರವಾದ ಮರಣದಂಡನೆಯನ್ನು ವಿಧಿಸಿದನೆಂದು ಪರಂಪರೆ ಹೇಳುತ್ತದೆ. ಒಮ್ಮೆ ಭಂಡಾರವನ್ನು ತೆರೆಸಿ ಎಣಿಸಿ ನೋಡಿದ ಅರಸ ಈ ಸಲ ಎಣಿಸಲಿಲ್ಲ. ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮದತ್ತ ನಡೆದರು. ಹುದ್ದೆಯನ್ನು ಬಿಟ್ಟವರು ಯಾವ ಸಂಪತ್ತನ್ನೂ ಜೊತೆಗೆ ಒಯ್ದರೆಂದು ಅವರ ವಿರೋಧಿಗಳ ಕಥೆಗಳೂ ಹೇಳುವುದಿಲ್ಲ. ಆ ಹೊತ್ತಿಗೆ ಕಲ್ಯಾಣ ಹೊತ್ತಿ ಉರಿಯಿತು. ಬಿಜ್ಜಳನ ಆಳಿಕೆ 1167ರ ಸುಮಾರಿಗೆ ಮುಗಿದು ಮಗ ಸೋವಿದೇವನು ಪಟ್ಟಕ್ಕೆ ಬಂದನು. ಶರಣರು ಚೆದರಿದರು. ವಚನಗಳ ಕಟ್ಟುಗಳನ್ನು ಹೊತ್ತು ಚೆನ್ನಬಸವಣ್ಣನವರೊಡನೆ ಉಳವಿಯತ್ತ ಹೋದವರಿಗೆ ಕಾವಲಾಗಿ ನಿಂತವರು ಹಿಪ್ಪರಗಿಯ ಮಾಚಯ್ಯನವರೆಂದು ಪ್ರತೀತಿ.

ಅದೇ ಕಾಲದಲ್ಲಿ ಬಸವಣ್ಣನವರ ಪತ್ನಿ ನೀಲಾಂಬಿಕೆಯವರು ಹಡಪದ ಅಪ್ಪಣ್ಣನವರ ಜೊತೆಯಲ್ಲಿ ಕಲ್ಯಾಣದಿಂದ ಸಂಗಮದ ಕಡೆಗೆ ಹೊರಟರು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯನ್ನು, ಕೃಷ್ಣೆಯ ದಡವನ್ನು ಮುಟ್ಟುವಷ್ಟರಲ್ಲಿ ಬಸವಣ್ಣನವರು ಲಿಂಗೈಕ್ಯರಾದ ಸುದ್ದಿ ಬಂತು. ಅವರೂ ಅಲ್ಲಿಯೇ ಐಕ್ಯರಾದರೆಂದು ಹೇಳುತ್ತಾರೆ. ಅಪ್ಪಣ್ಣನವರು ಹಡಪವನ್ನು, ಅಂದರೆ ಎಲೆಯಡಿಕೆಯ ಚೀಲವನ್ನು, ಹಿಡಿದು ಬಸವಣ್ಣನವರ ಬಳಿ ನಿಂತವರು. ಅರಮನೆಯ ಲೆಕ್ಕದಲ್ಲಿ ಅದು ಕೆಳಗಿನ ಊಳಿಗ. ಕಡೆಗಾಲದಲ್ಲಿ ಮನೆಯಾಕೆಯನ್ನು ಕರೆತರಲು ಯಾರನ್ನು ನಂಬಬೇಕೆಂಬ ಪ್ರಶ್ನೆ ಬಂದಾಗ ಆ ಊಳಿಗದವರೇ ಅತ್ಯಂತ ಹಿರಿಯ ವಿಶ್ವಾಸಕ್ಕೆ ಪಾತ್ರರಾದರು.

ಬಸವಣ್ಣನವರ ಹೆಸರು ಒಂದು ಶತಮಾನದೊಳಗೆ ಕಲ್ಲಿನ ಮೇಲೂ ಮೂಡಿತು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿರುವ 1260ರ ಶಾಸನವು ಅವರನ್ನು ತರ್ದವಾಡಿ ನಾಡಿನ ಬಾಗವಾಡಿಯ ಮಾದಿರಾಜನ ಮಗನೆಂದು ಸ್ಮರಿಸುತ್ತದೆ. ವಚನಗಳು ಮಾತ್ರ ಓಲೆಗರಿಗಳಲ್ಲಿ ಮಠಗಳ, ಮನೆಗಳ ಜಗಲಿಗಳ ಮೇಲೆ ಬಹುಕಾಲ ಮಲಗಿದ್ದುವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವುಗಳನ್ನು ಹುಡುಕಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದ ಮೇಲೆ ನಾಡು ಅವುಗಳನ್ನು ಹೊಸದಾಗಿ ಓದಿತು.

ಹಳಕಟ್ಟಿಯವರ ಆ ಪುಸ್ತಕ ಹೊರಬರುವುದಕ್ಕೆ ಐದು ವರ್ಷ ಮೊದಲು, ದಕ್ಷಿಣದ ಮೈಸೂರು ಸಂಸ್ಥಾನದಲ್ಲಿ ಕರಣಶಾಲೆಯ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಎದ್ದಿತ್ತು. ಸರಕಾರಿ ನೌಕರಿಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿವೆಯೆಂಬ ಅಹವಾಲನ್ನು ಕೇಳಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಬ್ರಾಹ್ಮಣೇತರ ಸಮುದಾಯಗಳಿಗೆ ಸಿಕ್ಕಬೇಕೆಂದು ಸಮಿತಿ ಸಲಹೆಮಾಡಿತು. ಅರ್ಹತೆಗೆ ಇದರಿಂದ ಧಕ್ಕೆಯಾದೀತೆಂದು ಎಣಿಸಿದ ದಿವಾನ್ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಯಲ್ಲಿ ಅಧಿಕಾರದಿಂದ ಹೊರಬಂದರು. ಇಬ್ಬದಿಯಲ್ಲಿಯೂ ಪ್ರಾಮಾಣಿಕರೇ ಇದ್ದರು. ಒಬ್ಬರು ಲೆಕ್ಕದ ಹಲಗೆಯನ್ನು ನೋಡುತ್ತಿದ್ದರು. ಇನ್ನೊಬ್ಬರು ಆ ಹಲಗೆಯ ಮುಂದೆ ನಿಲ್ಲಲು ಯಾರ ಮಕ್ಕಳಿಗೆ ದಾರಿಯಿದೆ ಎಂಬುದನ್ನು ನೋಡುತ್ತಿದ್ದರು. ಸರಕಾರಿ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶವನ್ನೂ, ಹಿಂದುಳಿದವರಿಗೆ ಮೀಸಲಾತಿಯನ್ನೂ 1950ರ ಸಂವಿಧಾನವು ಅದರ 16ನೆಯ ಅನುಚ್ಛೇದದೊಳಗೇ ಸೇರಿಸಿತು. ಬಡ್ತಿಯ ಪ್ರಶ್ನೆ ಇನ್ನೂ ತೊಡಕಿನದು. ಬಡ್ತಿಯಲ್ಲಿ ಮೀಸಲಾತಿ ಪಡೆದವರ ಜ್ಯೇಷ್ಠತೆಯನ್ನು ಕುರಿತ ಕರ್ನಾಟಕದ 2002ರ ಕಾಯಿದೆ ಸಾಕಷ್ಟು ಅಂಕಿ ಅಂಶಗಳಿಲ್ಲದೆ ಮಾಡಿದ್ದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಅದರ ಮುಖ್ಯ ಭಾಗವನ್ನು ತಳ್ಳಿಹಾಕಿತು. ಅಂಕಿ ಅಂಶಗಳನ್ನು ಕೂಡಿಸಿ ಮಾಡಿದ 2018ರ ಕಾಯಿದೆಯನ್ನು 2019ರಲ್ಲಿ ಎತ್ತಿಹಿಡಿಯಿತು. ಇಲ್ಲಿಯೂ ಎಣಿಸಿ ನೋಡಿದ ಮೇಲೆಯೇ ತೀರ್ಪು ನಿಂತಿತು.

ಬಸವಣ್ಣನವರು ನಮ್ಮ ಕಾಲದ ಕಾಯಿದೆಗಳನ್ನು ಮುಂಗಂಡಿದ್ದರೆಂದು ಹೇಳುವುದು ಇತಿಹಾಸಕ್ಕೂ ಅವರಿಗೂ ಅನ್ಯಾಯ. ಅರಸನ ಕಚೇರಿಯ ನೇಮಕದ ಕ್ರಮವನ್ನು ಅವರು ಬದಲಾಯಿಸಲಿಲ್ಲ; ಬದಲಾಯಿಸುವ ಅಧಿಕಾರ ಅವರಿಗಿರಲೂ ಇಲ್ಲ. ತಮಗೆ ಸಿಕ್ಕಿದ ಹುದ್ದೆಯನ್ನು ಚೊಕ್ಕವಾಗಿ ನಡೆಸಿ, ತಮ್ಮ ಕೈಯಲ್ಲಿದ್ದ ಬಾಗಿಲನ್ನು ತಮ್ಮವರಲ್ಲದವರಿಗೂ ತೆರೆದರು. ತಾವು ಕೊಡಬಹುದಾಗಿದ್ದ ಹಿರಿಯ ಪೀಠವನ್ನು ಹಂಗಿಲ್ಲದವರಿಗೆ ಕೊಟ್ಟರು. ಅವರು ಕರಣಶಾಲೆಯನ್ನು ಹೊಕ್ಕದ್ದು ಲೆಕ್ಕದ ತಪ್ಪನ್ನು ತೋರಿಸಿಯೋ ಮಾವನ ಹೆಸರಿನಿಂದಲೋ ಎಂಬ ವಿವಾದ ವಿದ್ವಾಂಸರಿಗೆ ಇರಲಿ. ಒಳಹೊಕ್ಕ ಮೇಲೆ ಅವರು ಹಿಂದೆ ತಿರುಗಿ ಕದ ಮುಚ್ಚಿಕೊಳ್ಳಲಿಲ್ಲ.

ಇಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಹುಡುಗ ಹುಡುಗಿಯರು ಲೋಕಸೇವಾ ಆಯೋಗದ ಪರೀಕ್ಷೆಗಳಿಗೆ ಓದುತ್ತಾರೆ. ಅವರಲ್ಲಿ ಅಗಸರ, ಅಂಬಿಗರ, ಸಮಗಾರರ, ಮಾದಾರರ ಮಕ್ಕಳೂ ಇದ್ದಾರೆ. ಅವರಲ್ಲಿ ಕೆಲವರಾದರೂ ನಾಳೆ ಯಾವುದೋ ಕಚೇರಿಯ ಮೇಜಿನ ಹಿಂದೆ ಕುಳಿತು, ಇನ್ನೊಬ್ಬರ ನೇಮಕಕ್ಕೂ ಬಡ್ತಿಗೂ ಸಹಿ ಹಾಕುವ ದಿನ ಬರುತ್ತದೆ. ಆ ದಿನ ಅವರಿಗೆ ತಮ್ಮ ಊರಿನ ಭಂಡಾರಿಯ ನೆನಪಾಗಲಿ.